ಕೆಳಗಿನ ಮೂರಡಿ ಮಕ್ಕಳದ್ದು

ಪುಟ್ಟ ಮಕ್ಕಳಿರುವ ಮನೆಯಲ್ಲಿ ಕ್ರಿಸ್‌ಮಸ್ ಮರ ಆರಿಸುವುದು, ನಿಲ್ಲಿಸುವುದು, ಸಿಂಗರಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ನಮ್ಮ ಹಾಲ್ ಚಿಕ್ಕದು, ಸೂರು ಒಂಬತ್ತಡಿ ಎತ್ತರದಲ್ಲಿದೆ. ಎರಡು ಮತ್ತು ಐದು ವರ್ಷದ ಮಕ್ಕಳಿದ್ದಾರೆ. ಎಷ್ಟು ದೊಡ್ಡ ಮರ ತರಬಹುದು?

ಎಲ್ಲರೂ ಎತ್ತರ ಅಳೆದುಕೊಂಡು ಹೋಗುತ್ತಾರೆ. ಆದರೆ ಮನೆಗೆ ತಂದ ಮೇಲೆ ಜಾಗ ಸಾಲದೆ ಹೋಗುವುದು ಅಗಲಕ್ಕೆ. ಆರಡಿಯ ತುಂಬು ಮರ ಬುಡದ ಹತ್ತಿರ ಸುಮಾರು ನಾಲ್ಕಡಿ ಹರಡಿರುತ್ತದೆ. ಮರ ಇಡಬೇಕೆಂದಿರುವ ಕಡೆ ನಾಲ್ಕಡಿ ಅಗಲಕ್ಕೆ ಹಳೆಯ ಪೇಪರ್ ಹಾಸಿ, ಒಂದು ದಿನ ಹಾಗೇ ಬಿಡಿ. ಮಕ್ಕಳು ಅದನ್ನು ತುಳಿಯದೆ ಓಡಾಡಲು ಆಗುತ್ತಿಲ್ಲ ಎಂದಾದರೆ ಜಾಗ ಬದಲಿಸಿ, ಇಲ್ಲವೇ ಎರಡು–ಎರಡೂವರೆ ಅಡಿ ಅಗಲದ ‘ಸ್ಲಿಮ್’ ಪ್ಲಾಸ್ಟಿಕ್ ಮರ ಕೊಳ್ಳಿ.

ಸ್ಟ್ಯಾಂಡಿಗೆ ಅರ್ಧ ಅಡಿ, ತುದಿಯ ನಕ್ಷತ್ರಕ್ಕೆ ಮುಕ್ಕಾಲು ಅಡಿ ಬೇಕು. ಲೆಕ್ಕಕ್ಕೆ ಏಳೂವರೆ ಅಡಿಯ ಮರವೂ ಹಿಡಿಸುತ್ತದೆ. ಆದರೂ ಐದೂವರೆ ಅಡಿ ಸಾಕು ಎನ್ನುವುದು ನಮ್ಮ ಸಲಹೆ. ಭಾರ ಕಡಿಮೆ, ನಕ್ಷತ್ರ ಸಿಕ್ಕಿಸಲು ಏಣಿ ಬೇಡ, ಐದು ವರ್ಷದ ಮಗುವನ್ನು ಎತ್ತಿಕೊಂಡರೆ ಅದರ ಕೈಯೇ ತುದಿಗೆ ಎಟಕುತ್ತದೆ. ಗೋಡೆಯ ಮೂಲೆ ಒಳ್ಳೆಯದು. ಹೀಟರ್, ಒಲೆ, ನೇರ ಬಿಸಿಲು ಹತ್ತಿರ ಬೇಡ. ಮಗು ಹತ್ತಿ ನಿಲ್ಲಬಹುದಾದ ಸೋಫಾ, ಕುರ್ಚಿಗಳನ್ನೂ ದೂರ ಸರಿಸಿ.

ಕಡಿದ ಮರ ತಂದಿದ್ದೆವು. ಹತ್ತೇ ದಿನಕ್ಕೆ ಎಲೆಯೆಲ್ಲ ಉದುರಿತು. ಏಕೆ?

ಎರಡು ಕಾರಣಗಳಿರಬಹುದು: ಕೊಂಡಾಗಲೇ ಮರ ಒಣಗಿತ್ತು, ಅಥವಾ ಮನೆಯಲ್ಲಿ ಅದು ನೀರು ಕುಡಿಯಲಿಲ್ಲ.

ಕೊಳ್ಳುವಾಗ ಒಂದು ಕೊಂಬೆಯನ್ನು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು ಒಳಗಿನಿಂದ ತುದಿಯ ಕಡೆಗೆ ಎಳೆಯಿರಿ. ಹಸಿರು ಎಲೆಗಳು ಕೈಗೆ ಬಂದರೆ ಆ ಮರ ಬೇಡ. ಬುಡವನ್ನು ನೆಲಕ್ಕೊಮ್ಮೆ ಕುಟ್ಟಿ ನೋಡಿ. ಒಳಗಿನಿಂದ ಕಂದು ಬಣ್ಣದ ಹಳೆಯ ಎಲೆ ಉದುರಿದರೆ ಚಿಂತೆಯಿಲ್ಲ, ಹಸಿರು ಉದುರಬಾರದು. ಜಾತಿಯೂ ಮುಖ್ಯ. ಬೆಚ್ಚಗಿನ ಕೋಣೆಯಲ್ಲಿ ನಾರ್ವೆ ಸ್ಪ್ರೂಸ್ ಬೇಗ ಎಲೆ ಬಿಡುತ್ತದೆ, ಅದರ ಎಲೆ ಚುಚ್ಚುತ್ತದೆ ಕೂಡ. ನಾರ್ಡ್‌ಮನ್ ಫರ್, ಫ್ರೇಸರ್ ಫರ್ ಎಲೆಗಳನ್ನು ಹೆಚ್ಚು ದಿನ ಹಿಡಿದುಕೊಳ್ಳುತ್ತವೆ. ನಾರ್ಡ್‌ಮನ್ನಿನ ಎಲೆ ಮೆತ್ತಗಿರುವುದರಿಂದ ಮಕ್ಕಳ ಕೈಗೆ ಅದೇ ವಾಸಿ.

ಇನ್ನು ನೀರಿನ ವಿಷಯ. ಕಡಿದ ಜಾಗದಲ್ಲಿ ರಾಳ ಒಸರಿ ಗಟ್ಟಿಯಾದರೆ ನೀರು ಮೇಲೇರುವುದಿಲ್ಲ. ಆದ್ದರಿಂದ ಮನೆಗೆ ತಂದ ಕೂಡಲೇ ಬುಡದಿಂದ ಒಂದೆರಡು ಸೆಂಟಿಮೀಟರ್ ದಪ್ಪದ ಬಿಲ್ಲೆಯನ್ನು ಗರಗಸದಿಂದ ನೇರವಾಗಿ ಕೊಯ್ದು ತೆಗೆದು, ತಡಮಾಡದೆ ನೀರಿಗಿಡಿ. ಸ್ಟ್ಯಾಂಡಿನ ತೂತು ಚಿಕ್ಕದಾಯಿತೆಂದು ಬುಡದ ತೊಗಟೆ ಕೆತ್ತುವವರಿದ್ದಾರೆ. ಎಡವಟ್ಟಾಗುವುದೇ ಅಲ್ಲಿ. ಮರ ನೀರೆಳೆಯುವುದು ಹೆಚ್ಚಾಗಿ ತೊಗಟೆಗೆ ಅಂಟಿಕೊಂಡಂತೆ ಒಳಗಿರುವ ಕಟ್ಟಿಗೆಯ ಹೊರಪದರಗಳಿಂದ. ಕೆತ್ತುವ ಬದಲು ದೊಡ್ಡ ಸ್ಟ್ಯಾಂಡ್ ತನ್ನಿ. ಕಾಂಡದ ವ್ಯಾಸ ಪ್ರತಿ ಇಂಚಿಗೆ ಸುಮಾರು ಒಂದು ಲೀಟರ್ ಹಿಡಿಯುವಂಥದ್ದಿರಲಿ. ಮೊದಲ ದಿನ ನೀರು ಬೇಗ ಇಳಿಯುತ್ತದೆ, ಬೆಳಿಗ್ಗೆ ಸಂಜೆ ನೋಡಿ. ಬುಡ ಒಮ್ಮೆ ನೀರಿನಿಂದ ಮೇಲೆ ಬಂದು ಒಣಗಿತೆಂದರೆ ಮತ್ತೆ ಕೊಯ್ಯಬೇಕಾಗುತ್ತದೆ. ಬರೀ ನಲ್ಲಿ ನೀರು ಸಾಕು. ಸಕ್ಕರೆ, ಆಸ್ಪಿರಿನ್ ಯಾವುದೂ ಬೇಡ. ಮಗು ಆ ನೀರಿಗೆ ಕೈ ಹಾಕದಂತೆ ಸ್ಟ್ಯಾಂಡಿನ ಸುತ್ತ ದಪ್ಪ ಬಟ್ಟೆ ಕಟ್ಟಿ.

ಪ್ಲಾಸ್ಟಿಕ್ ಮರದ ನಡುವಿನ ಕಂಬ ಎದ್ದು ಕಾಣುತ್ತದೆ. ಏನು ಮಾಡುವುದು?

ಕೊಂಬೆ ಬಿಡಿಸುವುದರಲ್ಲಿ ಅವಸರ ಮಾಡಿದ್ದೀರಿ. ಕೆಳಗಿನ ಸುತ್ತಿನಿಂದ ಶುರು ಮಾಡಿ, ಪ್ರತಿ ಕೊಂಬೆಯಲ್ಲೂ ಕಂಬಕ್ಕೆ ಹತ್ತಿರದ ಕಡ್ಡಿಗಳನ್ನು ಮೊದಲು ಬಿಡಿಸಿ: ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ. ತುದಿಗೆ ಬರುವುದು ಕೊನೆಯಲ್ಲಿ. ಆರಡಿ ಮರಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಹೆಚ್ಚಲ್ಲ. ಐದು ವರ್ಷದ ಮಗು ಕೆಳಗಿನ ಎರಡು ಸುತ್ತನ್ನು ಚೆನ್ನಾಗಿ ಬಿಡಿಸಬಲ್ಲದು. ತೀರಾ ಹಳೆಯ ಪಿವಿಸಿ ಮರಗಳಲ್ಲಿ ಸೀಸ ಇರಬಹುದು. ಮುಟ್ಟಿದರೆ ಪುಡಿ ಉದುರುವ ಮರವನ್ನು ಮಕ್ಕಳ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಸೀರಿಯಲ್ ಲೈಟ್ ಎಷ್ಟು ಬೇಕು? ಸುತ್ತುವುದು ಹೇಗೆ?

ಒಂದಡಿ ಎತ್ತರಕ್ಕೆ ನೂರು ಬಲ್ಬ್ ಎನ್ನುವುದು ಧಾರಾಳದ ಲೆಕ್ಕ. ಆರಡಿಗೆ ನಾನೂರು ಹಾಕಿದರೂ ಕಳೆಕಟ್ಟುತ್ತದೆ. ಎಲ್‌ಇಡಿ, ಅದರಲ್ಲೂ ಅಡಾಪ್ಟರ್ ಇರುವ ಕಡಿಮೆ ವೋಲ್ಟೇಜಿನ ಸೆಟ್ಟೇ ಇರಲಿ. ಹಳೆಯ ಬಲ್ಬುಗಳು ಬಿಸಿಯಾಗುತ್ತವೆ. ಸುತ್ತುವ ಮೊದಲೇ ಉರಿಸಿ ನೋಡಿ. ಪ್ಲಗ್ಗಿನ ತುದಿಯನ್ನು ಬುಡದಲ್ಲಿಟ್ಟು, ವೈರನ್ನು ಕೊಂಬೆಯ ಮೇಲೆ ತುದಿಯವರೆಗೆ ಒಯ್ದು, ವಾಪಸ್ ಕಾಂಡದ ಕಡೆ ತಂದು, ಮುಂದಿನ ಕೊಂಬೆಗೆ ಹೋಗಿ. ಹೊರಗಿನಿಂದ ಸುಮ್ಮನೆ ಸುತ್ತಿದರೆ ಮರ ಚಪ್ಪಟೆಯಾಗಿ ಕಾಣುತ್ತದೆ. ಜೋಲುವ ವೈರಿಗೆ ಮಗುವಿನ ಬೆರಳೂ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮೂರಡಿಯಲ್ಲಿ ವೈರ್ ಕಾಂಡಕ್ಕೆ ಆದಷ್ಟು ಹತ್ತಿರವಿರಲಿ. ಮುಗಿದ ಮೇಲೆ ಕೋಣೆಯ ದೀಪ ಆರಿಸಿ, ಕಣ್ಣು ಅರೆಮುಚ್ಚಿ ನೋಡಿ. ಎಲ್ಲೆಲ್ಲಿ ಬೆಳಕಿಲ್ಲವೋ ಅಲ್ಲಿ ಕಪ್ಪು ಗುಳಿ ಕಾಣುತ್ತದೆ, ಅಲ್ಲಿಗೆ ಎಳೆ ಸರಿಸಿ. ಮಲಗುವಾಗ ಪ್ಲಗ್ ತೆಗೆಯಿರಿ.

ಈ ಕೆಲಸಕ್ಕೆ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಅವರ ತಾಳ್ಮೆಯೆಲ್ಲ ಇಲ್ಲೇ ಖರ್ಚಾಗಿ, ಅಲಂಕಾರದ ಗುಂಡು ತೂಗುಹಾಕುವ ಹೊತ್ತಿಗೆ ಅಳು ಶುರುವಾಗುತ್ತದೆ. ಹಿಂದಿನ ರಾತ್ರಿಯೇ ಮುಗಿಸಿಡಿ.

ಒಂದೂವರೆ ವರ್ಷದ ಮಗ ಕೈಗೆ ಸಿಕ್ಕಿದ್ದೆಲ್ಲ ಎಳೆಯುತ್ತಾನೆ. ಸುತ್ತ ಬೇಲಿ ಹಾಕಬೇಕೇ?

ಬೇಲಿ ಹಾಕಿದರೆ ಅವನ ಹಟ ಬೇಲಿಯ ಮೇಲೆ ತಿರುಗುತ್ತದೆ. ಎಳೆದರೂ ಬೀಳದ, ಮುಟ್ಟಿದರೂ ಒಡೆಯದ ಮರ ಮಾಡುವುದು ಸುಲಭ.

ಕಾಂಡದ ಎತ್ತರದಲ್ಲಿ ಮೂರನೇ ಎರಡು ಭಾಗದ ಹತ್ತಿರ ಗಟ್ಟಿ ನೈಲಾನ್ ದಾರ ಸುತ್ತಿ, ಮೂಲೆಯ ಎರಡೂ ಗೋಡೆಗಳಲ್ಲಿ ಒಂದೊಂದು ಕೊಕ್ಕೆ ಹೊಡೆದು ಬಿಗಿಯಿರಿ. ಒಂದೇ ಕಡೆ ಕಟ್ಟಿದರೆ ಮರ ಪಕ್ಕಕ್ಕೆ ವಾಲುತ್ತದೆ. ಪ್ಲಾಸ್ಟಿಕ್ ಮರದ ಸ್ಟ್ಯಾಂಡ್ ಹಗುರ. ಅದರ ಕಾಲುಗಳ ಮೇಲೆ ಮರಳಿನ ಚೀಲ ಹೇರಿ ಬಟ್ಟೆ ಮುಚ್ಚಿ.

ಕೆಳಗಿನ ಮೂರಡಿಗೆ ಬಟ್ಟೆ, ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ), ಮರ, ದಪ್ಪ ಕಾಗದದ ಅಲಂಕಾರಗಳು. ಗಾಜೆಲ್ಲ ಮೇಲಕ್ಕೆ. ತಂತಿಯ ಕೊಕ್ಕೆಯ ಬದಲು ಚಿಕ್ಕ ರಿಬ್ಬನ್ ಕುಣಿಕೆ ಹಾಕಿ. ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಣಿ, ಗೆಜ್ಜೆ, ಪಾಪ್‌ಕಾರ್ನ್ ಸರ ಎಲ್ಲ ಇದರಲ್ಲಿ ಬಂತು.

ಇದಕ್ಕಿಂತ ಅಪಾಯದ್ದು ಬಟನ್ ಬ್ಯಾಟರಿ. ಮಿನುಗುವ, ಹಾಡುವ ಗೊಂಬೆಗಳಲ್ಲಿ, ಪುಟ್ಟ ದೀಪಗಳಲ್ಲಿ ಇರುತ್ತದೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ವಸ್ತುವನ್ನು ಮರದ ಯಾವ ಎತ್ತರದಲ್ಲೂ ಹಾಕಬೇಡಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಬೆಕ್ಕಿದ್ದರೆ ಮಿಂಚುವ ಜರಿ ಎಳೆಗಳೂ ಬೇಡ. ನುಂಗಿದ ಎಳೆ ಕರುಳನ್ನು ಕೊಯ್ಯಬಹುದು.

ಮರಕ್ಕೆ ತೂಗುಹಾಕಲು ಮಾಡುವ ಉಪ್ಪುಹಿಟ್ಟಿನ ನಕ್ಷತ್ರಗಳು ಓವನ್ನಿನಲ್ಲಿ ಉಬ್ಬುತ್ತವೆ, ಆಮೇಲೆ ಮೆತ್ತಗಾಗುತ್ತವೆ. ಏಕೆ?

ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಲೋಟ ನೀರು. ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಕೈಗಂಟದ ಹದ ಬರುವತನಕ ಎಂಟು ಹತ್ತು ನಿಮಿಷ ನಾದಿ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸ್ಟ್ರಾದಿಂದ ತೂತು ಮಾಡಿ. ತೂತು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿರಲಿ, ಇಲ್ಲದಿದ್ದರೆ ಅಲ್ಲೇ ಮುರಿಯುತ್ತದೆ.

ಉಬ್ಬುವುದಕ್ಕೆ ಕಾರಣ ಜಾಸ್ತಿ ಬಿಸಿ, ಇಲ್ಲವೇ ಹಿಟ್ಟಿನಲ್ಲಿರುವ ಬೇಕಿಂಗ್ ಪೌಡರ್. 120 ಡಿಗ್ರಿ ಸೆಲ್ಸಿಯಸ್ ಮೀರದಂತೆ, ನಡುವೆ ಒಮ್ಮೆ ಮಗುಚಿ, ಎರಡು ಮೂರು ಗಂಟೆ ಒಣಗಿಸಿ. ಇದು ಬೇಯಿಸುವ ಕೆಲಸವಲ್ಲ. ಆಮೇಲೆ ಮೆತ್ತಗಾಗುವುದು ಉಪ್ಪು ಗಾಳಿಯ ತೇವ ಹೀರುವುದರಿಂದ. ಪೂರ್ತಿ ಆರಿದ ಮೇಲೆ ಬಣ್ಣ, ಅದರ ಮೇಲೆ ವಾರ್ನಿಶ್ ಎರಡು ಕೋಟ್. ಹಿಂಬದಿ, ಅಂಚು, ತೂತಿನ ಒಳಗೂ ಬಿಡಬೇಡಿ. ಮಕ್ಕಳು ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ನಾಯಿ ತಿಂದರೆ ಇಷ್ಟು ಉಪ್ಪು ಜೀವಕ್ಕೇ ಕುತ್ತು.

ಮಗಳು ಎಲ್ಲವನ್ನೂ ಒಂದೇ ಕೊಂಬೆಗೆ ನೇತುಹಾಕುತ್ತಾಳೆ. ಸರಿಪಡಿಸಬಹುದೇ?

ಕೊಂಬೆ ಬಾಗದಿದ್ದರೆ ಹಾಗೇ ಬಿಡಿ, ಮುದ್ದಾಗಿಯೇ ಇರುತ್ತದೆ. ಬಾಗಿದರೆ ಭಾರದವನ್ನು ಕಾಂಡದ ಹತ್ತಿರ ಸರಿಸಿ. ಮುಂದಿನ ಸಲ ದೊಡ್ಡ ಗುಂಡುಗಳನ್ನು ಮೊದಲು ಕೊಟ್ಟು, ಅವು ಮುಗಿದ ಮೇಲೆ ಸಣ್ಣವನ್ನು ಕೊಡಿ. ದೊಡ್ಡವು ಒಳಗೆ, ಸಣ್ಣವು ತುದಿಗೆ.

ಕುಂಡದಲ್ಲಿರುವ ಅರೌಕೇರಿಯಾ (ಕ್ರಿಸ್‌ಮಸ್ ಮರದಂತೆ ಕಾಣುವ ಗಿಡ) ಗಿಡವನ್ನೇ ಸಿಂಗರಿಸಬಹುದೇ? ಎತ್ತರವಾಗಿದೆ, ತುದಿ ಕತ್ತರಿಸಬೇಕೆಂದಿದ್ದೇವೆ.

ಸಿಂಗರಿಸಿ, ತುದಿ ಮಾತ್ರ ಮುಟ್ಟಬೇಡಿ. ಕತ್ತರಿಸಿದರೆ ಆ ನೆಟ್ಟಗಿನ ಆಕಾರ ಮತ್ತೆ ಬರುವುದಿಲ್ಲ. ಕೊಂಬೆಗಳು ಮೆತ್ತಗಿರುವುದರಿಂದ ಕಾಗದ, ನೂಲು, ಹಗುರ ಎಲ್‌ಇಡಿ ಅಷ್ಟೇ ಸಾಕು. ಬಣ್ಣ, ಹಿಮದ ಸ್ಪ್ರೇ ಬೇಡ. ಕಿಟಕಿಯ ಬೆಳಕು ಸಿಗಲಿ, ಮಣ್ಣು ಒಣಗದಿರಲಿ. ಕೆಳಗಿನ ಕೊಂಬೆ ಒಮ್ಮೆ ಒಣಗಿದರೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ.

ಮರವನ್ನು ಯಾವಾಗ ತೆಗೆಯಬೇಕು?

ಜನವರಿ 6ರ ಎಪಿಫನಿ ಹಬ್ಬದವರೆಗೆ ಇಡುವ ರೂಢಿಯಿದೆ. ಕಡಿದ ಮರದ ಎಲೆ ಮುಟ್ಟಿದರೆ ಉದುರುವಷ್ಟು ಒಣಗಿದ್ದರೆ ತಾರೀಕು ನೋಡಬೇಡಿ, ಅಂದೇ ಹೊರಗೆ ಹಾಕಿ; ಒಣಮರಕ್ಕೆ ಬೆಂಕಿ ಹತ್ತಿದರೆ ಆರಿಸಲು ಪುರಸೊತ್ತು ಸಿಗುವುದಿಲ್ಲ. ಲೈಟಿನ ಸೆಟ್ಟನ್ನು ದಪ್ಪ ರಟ್ಟಿಗೆ ಸುತ್ತಿಡಿ, ಪ್ಲಗ್ಗಿನ ತುದಿ ಹೊರಗಿರಲಿ. ಮುಂದಿನ ವರ್ಷ ಬಿಚ್ಚದೆಯೇ ಉರಿಸಿ ನೋಡಬಹುದು.