ಗ್ಲ್ಯಾಡ್ಯೂ ಅಂದ್ರೆ ರಿಯಾಯಿತಿ ಅಲ್ಲ

"ಕೆನಡಾದಲ್ಲಿ ಮೂಲನಿವಾಸಿ ಅಂದ್ರೆ ಶಿಕ್ಷೆ ಕಮ್ಮಿಯಂತೆ, ಇದ್ಯಾವ ನ್ಯಾಯ?" ಅಂತ ಕೇಳಿದ್ದೀರಿ. ತಾನಾಗೇ ಕಮ್ಮಿಯಾಗಲ್ಲ ಸ್ವಾಮಿ. ಜೈಲು ಬಿಟ್ಟು ಬೇರೆ ದಾರಿ ಇದ್ಯಾ ನೋಡಿ, ಮೂಲನಿವಾಸಿಗಳ ಹಿನ್ನೆಲೆಯನ್ನ ವಿಶೇಷವಾಗಿ ಗಮನಿಸಿ ಅನ್ನುತ್ತೆ ಅಲ್ಲಿನ ಕಾನೂನು, ಅಷ್ಟೇ. 1999ರ ಗ್ಲ್ಯಾಡ್ಯೂ ತೀರ್ಪು ವಿವರಿಸಿದ್ದು ಇದನ್ನೇ. ತಮಾಷೆ ನೋಡಿ, ಮೇಲ್ಮನವಿ ಹಾಕಿದ ಗ್ಲ್ಯಾಡ್ಯೂ ಅನ್ನೋ ಆ ಹೆಂಗಸಿನ ಮೂರು ವರ್ಷದ ಶಿಕ್ಷೆಯನ್ನ ಸುಪ್ರೀಂ ಕೋರ್ಟು ಇಳಿಸಲೇ ಇಲ್ಲ!

ಈಗ ಮೂಲನಿವಾಸಿ ಅಪರಾಧಿಯ ಹಿನ್ನೆಲೆ ಹೇಳೋ ಗ್ಲ್ಯಾಡ್ಯೂ ವರದಿ ಅಂತ ಜಡ್ಜ್ ಮುಂದೆ ಬರುತ್ತೆ. ಅಜ್ಜಿಯನ್ನ ಚಿಕ್ಕಂದಿನಲ್ಲೇ, ಮೂಲನಿವಾಸಿ ಮಕ್ಕಳನ್ನ ಮನೆಯವರಿಂದ ದೂರ ಇಡ್ತಿದ್ದ ವಸತಿ ಶಾಲೆಗೆ ಎಳೆದೊಯ್ದದ್ದು, ಮೊಮ್ಮಗ ಸಾಕುಮನೆಯಿಂದ ಸಾಕುಮನೆಗೆ ಅಲೆದದ್ದು, ಇಂಥವು. ಮೂಲನಿವಾಸಿಗಳು ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 5, ಫೆಡರಲ್ (ಕೇಂದ್ರ ಸರ್ಕಾರದ) ಜೈಲಲ್ಲಿ 30 ದಾಟಿದೆ. ರಿಯಾಯಿತಿ ಸಿಕ್ಕವರ ಲೆಕ್ಕ ಹೀಗಿರುತ್ತಾ?

ಆದ್ರೆ ಈ ಅಪರಾಧಗಳಲ್ಲಿ ಏಟು ತಿಂದವರೂ ಎಷ್ಟೋ ಸಲ ಅದೇ ಸಮುದಾಯದವರು. ಅವರ ಮನೆಯವರ ಎದುರು ಕೂತು ಈ ವಾದ ಮಾಡೋದು ನನಗೂ ಕಷ್ಟವೇ.