ಏಳು ಸಂಘ, ಏಳು ಉದ್ಘಾಟನೆ

ಪ್ರಿಯ ಮೇಷ್ಟ್ರೇ,

ಹೈಸ್ಕೂಲಿನಲ್ಲಿ ವಿದ್ಯಾರ್ಥಿ ಸಂಘಗಳು ಇರಲೇಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಸಿಟ್ಟು ತರಿಸಿದೆ. ನಿಮ್ಮ ಶಾಲೆಯಲ್ಲಿ ಏಳು ಸಂಘಗಳಿವೆ. ವಿಜ್ಞಾನ, ಪರಿಸರ, ಚರ್ಚಾಕೂಟ ಈ ಮೂರೂ ನಿಮ್ಮ ತಲೆಗೇ ಬಿದ್ದಿವೆ. ವರ್ಷವಿಡೀ ಓಡಾಡಿದರೂ ಮಕ್ಕಳಿಗೆ ಏನು ದಕ್ಕಿತೆಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ, "ಬರೆಯುವವರಿಗೇನು, ಮಾಡುವವರಿಗೆ ಗೊತ್ತು" ಎಂದಿದ್ದೀರಿ. ಹೆಸರು ಹಾಕಬೇಡಿ ಎಂದೂ ಹೇಳಿದ್ದೀರಿ, ಹಾಕುವುದಿಲ್ಲ. ಪತ್ರದ ಜೊತೆ ವಾರ್ಷಿಕ ವರದಿಯನ್ನೂ ಲಗತ್ತಿಸಿದ್ದೀರಲ್ಲ, ಅದನ್ನು ಪೂರ್ತಿ ಓದಿದೆ.

ಮೊದಲ ಪುಟದಲ್ಲಿ ಏಳು ಉದ್ಘಾಟನೆಗಳು. ಆಮೇಲೆ ದಿನಾಚರಣೆಗಳು: ಜೂನ್ 5ರ ಪರಿಸರ ದಿನ, ಸೆಪ್ಟೆಂಬರ್ 16ರ ಓಝೋನ್ ದಿನ, ಅಕ್ಟೋಬರ್ 24ರ ವಿಶ್ವಸಂಸ್ಥೆಯ ದಿನ. ಕೊನೆಗೆ ಸಮಾರೋಪ. ಎಲ್ಲವೂ "ಯಶಸ್ವಿಯಾಗಿ ನೆರವೇರಿವೆ". ಯಾರು ಭಾಷಣ ಮಾಡಿದರೆಂಬುದು ಪ್ರತಿ ಪ್ಯಾರಾದಲ್ಲೂ ಇದೆ, ಮಕ್ಕಳು ಏನು ಮಾಡಿದರೆಂಬುದು ಹುಡುಕಿದರೂ ಸಿಗುವುದಿಲ್ಲ. ಒಂದೇ ಒಂದು ಕಡೆ, ಪರಿಸರ ಸಂಘದ ಪ್ಯಾರಾದ ನಡುವೆ, "ನೆಟ್ಟ ಸಸಿಗಳಲ್ಲಿ ಹಲವು ಒಣಗಿದ್ದರಿಂದ ಮಕ್ಕಳು ಕಾರಣ ಹುಡುಕಿದರು" ಎಂಬ ಸಾಲಿದೆ. ಏನು ಕಾರಣ ಸಿಕ್ಕಿತು? ಬರೆದಿಲ್ಲ. ಮುಂದಿನ ವಾಕ್ಯದಲ್ಲೇ ವಂದನಾರ್ಪಣೆ. ಇಡೀ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಸಾಲು, ಮೇಷ್ಟ್ರೇ.

ಹಾಗಾಗಿ ನನ್ನ ಸಲಹೆ ಸ್ವಲ್ಪ ಒರಟಾಗಿದೆ: ನಾಲ್ಕು ಸಂಘಗಳನ್ನು ಮುಚ್ಚಿ. ಉಳಿದ ಮೂರಕ್ಕೆ ಇಡೀ ವರ್ಷಕ್ಕೆ ಒಂದೊಂದೇ ಕೆಲಸ ಕೊಡಿ, ಶುರುವಿನ ತಿಂಗಳು ಹಿಡಿದು ಪರೀಕ್ಷೆ ಹತ್ತಿರವಾಗುವ ತನಕ ಬಿಡದೆ ನಡೆಯುವಂಥದ್ದು. ಒಂದು ದಿನದ ಕಾರ್ಯಕ್ರಮಕ್ಕೆ ಮಕ್ಕಳು ಬೇಕಾಗುವುದು ಕುರ್ಚಿ ಜೋಡಿಸುವುದಕ್ಕೆ, ಚಪ್ಪಾಳೆ ತಟ್ಟುವುದಕ್ಕೆ. ವರ್ಷದ ಕೆಲಸ ಅವರಿಲ್ಲದೆ ನಡೆಯುವುದೇ ಇಲ್ಲ.

ವಿಜ್ಞಾನ ಸಂಘಕ್ಕೆ ನಾನಾಗಿದ್ದರೆ ಒಂದು ಕೋಲು ಕೊಡುತ್ತಿದ್ದೆ. ನೆಲದಿಂದ ಮೇಲೆ ಸರಿಯಾಗಿ 100 ಸೆಂಟಿಮೀಟರ್ ಇರುವಂತೆ, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ ಕೋಲು. ವಾರಕ್ಕೊಂದು ದಿನ ನಡುಹಗಲಿನ ಆಸುಪಾಸಿನಲ್ಲಿ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುವುದು, ಅತಿ ಚಿಕ್ಕ ನೆರಳು ಯಾವಾಗ ಬಿತ್ತು, ಎಷ್ಟು ಉದ್ದ ಎಂದು ಬರೆಯುವುದು. ಮೋಡವಿದ್ದರೆ "ಮೋಡ" ಎಂದು ಬರೆಯುವುದು. ಇಷ್ಟೇ ಕೆಲಸ. ಮೊದಲ ತಿಂಗಳು ಬೇಜಾರು ಬರುತ್ತದೆ, ಬರಲಿ. ಆಮೇಲೆ ಯಾವನಾದರೂ ಒಬ್ಬ ಹುಡುಗ ಬಂದು, ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳುತ್ತಿಲ್ಲ, ಬೀಳುವ ಹೊತ್ತೂ ವಾರ ವಾರ ಸರಿಯುತ್ತಿದೆ ಎನ್ನುತ್ತಾನೆ. ನಿಮ್ಮ ಗಡಿಯಾರ ಕೆಟ್ಟಿದೆ ಎಂದು ಇನ್ನೊಬ್ಬಳು ಜಗಳ ತೆಗೆಯುತ್ತಾಳೆ. ಗಡಿಯಾರ ಸರಿಯಾಗೇ ಇದೆ. ನವೆಂಬರ್ ಮೊದಲ ವಾರಕ್ಕೂ ಫೆಬ್ರವರಿ ನಡುವಿಗೂ ಹೋಲಿಸಿದರೆ ಅತಿ ಚಿಕ್ಕ ನೆರಳು ಬೀಳುವ ಹೊತ್ತಿನಲ್ಲಿ ಸುಮಾರು ಅರ್ಧ ಗಂಟೆಯ ವ್ಯತ್ಯಾಸವಿರುತ್ತದೆ. ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿರುವುದು, ಅದರ ಕಕ್ಷೆ ಪೂರ್ತಿ ದುಂಡಗಿಲ್ಲದಿರುವುದು ಎರಡೂ ಸೇರಿ ಆಗುವ ಕೆಲಸ ಇದು. ಪಾಠದಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮಾತು. ಜಗಳವಾಡಿ ತಿಳಿದುಕೊಂಡವರು ಮರೆಯುವುದಿಲ್ಲ.

ಮಾರ್ಚ್ 20-21ಕ್ಕೆ, ಸೆಪ್ಟೆಂಬರ್ 22-23ಕ್ಕೆ ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಸಮ. ಆ ದಿನದ ನಡುಹಗಲಿನ ನೆರಳಿನಿಂದ ನಿಮ್ಮ ಊರಿನ ಅಕ್ಷಾಂಶವೇ ಸಿಕ್ಕುತ್ತದೆ. 100 ಸೆಂಟಿಮೀಟರ್ ಕೋಲಿಗೆ 27 ಸೆಂಟಿಮೀಟರ್ ನೆರಳು ಬಿದ್ದರೆ 15 ಡಿಗ್ರಿ. ಟ್ರಿಗನಾಮೆಟ್ರಿ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಅವತ್ತು ಟ್ಯಾನ್ ಕೋಷ್ಟಕ ಕೊಟ್ಟು ಸುಮ್ಮನಿರಿ. ನೇರ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಇನ್ನೊಂದು ಶಾಲೆ ಅದೇ ದಿನ ಅಳೆದರೆ ಇನ್ನೂ ಚಂದ. ಎರಡು ಕೋನಗಳ ವ್ಯತ್ಯಾಸವೂ ಎರಡು ಊರುಗಳ ದೂರವೂ ಗೊತ್ತಾದರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು, ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಬರಬೇಕು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮಾಡಿದ್ದು ಇದನ್ನೇ. ದಕ್ಷಿಣದ ಸಿಯೀನ್ ಊರಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ದಿನ ಅಲೆಕ್ಸಾಂಡ್ರಿಯಾದಲ್ಲಿ ಅಳೆದ ಕೋನ ವೃತ್ತದ ಐವತ್ತನೇ ಒಂದು ಭಾಗ, ಅಂದರೆ 7.2 ಡಿಗ್ರಿ. ನಿಮ್ಮ ಮಕ್ಕಳ ಲೆಕ್ಕ ತಪ್ಪಬಹುದು. ಎಷ್ಟು ತಪ್ಪಿತು, ಎಲ್ಲಿ ತಪ್ಪಿತು ಎಂದು ಬರೆದರೆ ಅದೇ ಸಂಘದ ವರ್ಷದ ವರದಿ.

ಪರಿಸರ ಸಂಘಕ್ಕೆ ಹೊಸದೇನೂ ಬೇಡ. ಒಣಗಿದ ಸಸಿಗಳೇ ಇವೆಯಲ್ಲ. ಪ್ರತಿ ಸಸಿಗೂ ಒಂದು ಸಂಖ್ಯೆ, ನೋಡಿಕೊಳ್ಳಲು ಇಬ್ಬರು, ತಿಂಗಳಿಗೊಮ್ಮೆ ಎತ್ತರ, ಎಲೆಯ ಸ್ಥಿತಿ, ನೀರು ಹಾಕಿದ ದಿನಗಳು. ಸತ್ತರೆ "ಸತ್ತಿತು" ಎಂದು ಬರೆಯಲು ಹೆದರಬಾರದು. ಮುಂದಿನ ವರ್ಷ ಎಷ್ಟು ನೆಡಬೇಕು, ಎಲ್ಲಿ ನೆಡಬಾರದು ಎಂದು ಹೇಳುವುದು ಆ ಪುಸ್ತಕವೇ.

ಚರ್ಚಾಕೂಟದ ಬಗ್ಗೆ ನಿಮ್ಮ ದೂರು ಸರಿ, ಅಪ್ಪ ಬರೆದುಕೊಟ್ಟದ್ದನ್ನು ಮಗಳು ಬಾಯಿಪಾಠ ಒಪ್ಪಿಸುತ್ತಾಳೆ. ವಿಷಯವನ್ನು ಇಪ್ಪತ್ತು ನಿಮಿಷ ಮೊದಲು ಕೊಡಿ, ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ, ಅಲ್ಲಿಗೆ ಅಪ್ಪಂದಿರ ಕೆಲಸ ಮುಗಿಯಿತು. ಅದಕ್ಕಿಂತ ಮುಖ್ಯ, ಸಂಘದ ಸಭೆಯನ್ನೇ ಮಕ್ಕಳು ನಡೆಸಲಿ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ ಅವರನ್ನು 1863ರಲ್ಲಿ ಒಂದು ಸಭೆಗೆ ಇದ್ದಕ್ಕಿದ್ದಂತೆ ಅಧ್ಯಕ್ಷರನ್ನಾಗಿ ಕೂರಿಸಿದರು. ಸಭೆ ನಡೆಸುವ ಕ್ರಮ ಗೊತ್ತಿಲ್ಲದೆ ಅದು ಗದ್ದಲವಾಯಿತು. ಆ ಮುಜುಗರ ಬಿಡದೆ ಕಾಡಿ, 1876ರಲ್ಲಿ ಅವರು ಸಭಾ ನಿಯಮಗಳ ಪುಸ್ತಕವನ್ನೇ ತಂದರು, ಇವತ್ತಿಗೂ ಜನ ಅದನ್ನು ತಿರುವಿಹಾಕುತ್ತಾರೆ. ಸೇನಾಧಿಕಾರಿಗೇ ಬಾರದ ವಿದ್ಯೆ ಒಂಬತ್ತನೇ ಕ್ಲಾಸಿನವರಿಗೆ ತಾನಾಗಿ ಬರುತ್ತದೆಯೇ? ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಮಾತು, ಆಮೇಲೆ ಕೈಯೆತ್ತುವುದು. ನಡಾವಳಿ ಪುಸ್ತಕವನ್ನು ಸರದಿಯ ಮೇಲೆ ಮಕ್ಕಳೇ ಬರೆಯಬೇಕು. "ಹಾಜರು 14. ದೂರದರ್ಶಕ ಕೊಳ್ಳೋಣ ಎಂದವರು 9, ಬೇಡ ಎಂದವರು 5. ಹಣವಿಲ್ಲ. ಎರವಲು ಸಿಗುವುದೇ ಎಂದು ಇಬ್ಬರು ವಿಚಾರಿಸುವುದು." ಇಂಥ ನಾಲ್ಕು ಸಾಲು ಸಾಕು. ಅಕ್ಷರ ಕೆಟ್ಟದಾಗಿದ್ದರೂ ನೀವು ತಿದ್ದಿ ಬರೆದುಕೊಡಬೇಡಿ. ನೀವು ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಇದು ಮೇಷ್ಟ್ರಿಗೆ ಕಷ್ಟದ ಕೆಲಸವೆಂದು ನನಗೆ ಗೊತ್ತು.

ಅಂಕಕ್ಕೆ ಪೆಟ್ಟು ಬೀಳುತ್ತದೆ ಎನ್ನುವ ಪೋಷಕರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ವಾರಕ್ಕೆ ಒಂದು ಪೀರಿಯಡ್, ಪರೀಕ್ಷೆಯ ತಿಂಗಳಲ್ಲಿ ರಜೆ ಎಂದು ಹೇಳಿ. ಸಂಘ ಸೇರಿದ ಮಕ್ಕಳಿಗೆ ಅಂಕ ಜಾಸ್ತಿ ಬರುತ್ತದೆ ಎಂದು ಮಾತ್ರ ಆಸೆ ಹುಟ್ಟಿಸಬೇಡಿ. ಬರಬಹುದು, ಬಾರದೆಯೂ ಇರಬಹುದು. ಅದಕ್ಕಾಗಿ ಸಂಘ ಕಟ್ಟಿದ್ದಲ್ಲ.

ಮುಖ್ಯೋಪಾಧ್ಯಾಯರಿಗೆ ಏಳರ ಬದಲು ಮೂರು ಎಂದು ಒಪ್ಪಿಸುವುದು ನಿಮ್ಮ ಪಾಲಿನ ಕೆಲಸ, ಅಲ್ಲಿ ನನ್ನ ಮಾತು ನಡೆಯುವುದಿಲ್ಲ. ಈ ಪುಟ ತೋರಿಸಿ ನೋಡಿ, ಬೈಗುಳ ನನಗಿರಲಿ.

ಮುಂದಿನ ವರ್ಷದ ವರದಿಯನ್ನು ಅಚ್ಚು ಹಾಕುತ್ತೀರಾ ಎಂಬ ಪ್ರಶ್ನೆಗೆ: ಹಾಕುತ್ತೇವೆ, ಆದರೆ ಮಕ್ಕಳು ಬರೆದದ್ದನ್ನು. ಎರಡು ಪುಟ ಮೀರದಿರಲಿ, ಅತಿಥಿಗಳ ಪಟ್ಟಿ ಬೇಡ. ಫೋಟೋ ಒಂದು ಸಾಕು, ಕೋಲಿನದ್ದಾದರೂ ಸರಿ, ಸಸಿಯದ್ದಾದರೂ ಸರಿ. ಕಳಿಸುವ ಮುನ್ನ ಆ ಒಣಗಿದ ಸಸಿಗಳಿಗೆ ಏನಾಗಿತ್ತೆಂದು ಒಂದು ಕಾರ್ಡು ಬರೆಯಿರಿ, ನಾನು ಕಾಯುತ್ತಿದ್ದೇನೆ.

— ಸಂಪಾದಕ