ತೀರ್ಥಹಳ್ಳಿಯ ಗಿರಣಿ ಶೆಡ್ಡಿನಲ್ಲಿರುವ ಮೂರು ಟನ್ ಯಂತ್ರವನ್ನು ಸರಿಸಲು ಎಷ್ಟು ಸಾಮರ್ಥ್ಯದ ಗಾಳಿದಿಂಬು ಕೊಳ್ಳಬೇಕು?

ಕ್ರೇನ್ ಒಳಗೆ ಬಾರದ ತಗ್ಗು ಮಾಡು, ಇಪ್ಪತ್ತು ಅಡಿ ಆಚೆಗೆ ಹೋಗಬೇಕಾದ ಯಂತ್ರ, ಎಷ್ಟು ಟನ್ನಿನ ದಿಂಬು ಕೊಳ್ಳಲಿ ಎಂಬ ಚಿಂತೆ: ನಿಮ್ಮ ಪ್ರಶ್ನೆಯಲ್ಲಿ ಹನ್ನೊಂದು ವರ್ಷಗಳ ಹಿಂದಿನ ನನ್ನನ್ನೇ ಕಂಡೆ. ನಾನೂ ಟನ್ನುಗಳ ಲೆಕ್ಕವನ್ನೇ ಹಾಕಿದ್ದೆ. ಆ ಲೆಕ್ಕ ಸರಿಯಾಗಿಯೂ ಇತ್ತು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯ ಕಡೆ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರ ಮತ್ತು ಟಿಲ್ಲರ್‌ಗಳ ಬಿಡಿಭಾಗಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಲೋಹವನ್ನು ತಿರುಗಿಸಿ ಕಡೆಯುವ, ನಾಲ್ಕು ಟನ್ ತೂಗುವ ಹಳೆಯ ಲೇತ್ ಒಂದನ್ನು ಹಿಂದಿನ ಗೋಡೆಯ ಕತ್ತಲೆಯಿಂದ ಬಾಗಿಲ ಬೆಳಕಿಗೆ ತರಬೇಕಾಗಿತ್ತು. ಪೈಪುಗಳ ಮೇಲೆ ಉರುಳಿಸಿ ಬೇಸತ್ತಿದ್ದ ನಾನು, ಬೆಂಗಳೂರಿನಿಂದ ನಾಲ್ಕು ಏರ್ ಕ್ಯಾಸ್ಟರ್‌ಗಳನ್ನು ಬಾಡಿಗೆಗೆ ತರಿಸಿದೆ.

ನೀವು ಬರೆದಿರುವ ‘ಗಾಳಿದಿಂಬು’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸಾಧನಗಳು ಬೆರೆತುಹೋಗಿವೆ. ಮಗುಚಿದ ಲಾರಿಯನ್ನು ಎತ್ತಲು ರಕ್ಷಣಾ ಸಿಬ್ಬಂದಿ ಬಳಸುವ ಚೀಲ ಬಾಯಿ ಮುಚ್ಚಿದ್ದು. ಅದು ಎತ್ತುತ್ತದೆಯೇ ಹೊರತು ಸರಿಸುವುದಿಲ್ಲ. ಉಬ್ಬಿದಷ್ಟೂ ಅದರ ಬೆನ್ನು ದುಂಡಗಾಗಿ ಭಾರಕ್ಕೆ ತಾಗುವ ಜಾಗ ಕಿರಿದಾಗುವುದರಿಂದ ಎತ್ತುವ ಬಲವೂ ಇಳಿಯುತ್ತಾ ಹೋಗುತ್ತದೆ. ಏರ್ ಕ್ಯಾಸ್ಟರ್ ಎಂದರೆ ಉದ್ದಿನ ವಡೆಯ ಆಕಾರದ ರಬ್ಬರ್ ಚೀಲ. ಅದು ಉಬ್ಬಿ ಭಾರವನ್ನು ಒಂದೆರಡು ಸೆಂಟಿಮೀಟರ್ ಮೇಲೆತ್ತುತ್ತದೆ; ವಡೆಯ ತೂತಿನಲ್ಲಿ ತುಂಬಿಕೊಂಡ ಗಾಳಿ ಅಂಚಿನಡಿಯಿಂದ ಸುತ್ತಲೂ ಸೋರುತ್ತಾ, ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ತೆಳ್ಳಗಿನ ಪದರವಾಗುತ್ತದೆ. ಯಂತ್ರ ತೇಲುವುದು ಆ ಪದರದ ಮೇಲೆ. 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಹೋವರ್‌ಕ್ರಾಫ್ಟ್‌ಗೆ ಇದು ಹತ್ತಿರದ ನೆಂಟ.

ಇನ್ನು ಟನ್ನುಗಳ ಮಾತು. ಒಂದೊಂದು ಕ್ಯಾಸ್ಟರಿನ ಅಡಿ ಸುಮಾರು 900 ಚದರ ಸೆಂಟಿಮೀಟರ್ ಇದ್ದು, ಅದರ ಪಾಲಿಗೆ ಒಂದು ಟನ್ ಬಂದರೆ ಬೇಕಾಗುವ ಒತ್ತಡ ಚದರ ಸೆಂಟಿಮೀಟರಿಗೆ 1.1 ಕೆಜಿ ಮಾತ್ರ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂಡ ಅದರ ಹಲವು ಪಟ್ಟು ಕೊಡುತ್ತದೆ. ಸಾಲದೆ ಬರುವುದು ಒತ್ತಡವಲ್ಲ, ನಿಮಿಷಕ್ಕೆ ಎಷ್ಟು ಗಾಳಿ ಹರಿಯುತ್ತದೆ ಎಂಬುದು, ಏಕೆಂದರೆ ನೆಲ ಒರಟಾದಷ್ಟೂ ಸೋರಿಕೆ ಹೆಚ್ಚು. ಇದನ್ನು ತಿಳಿದೇ ನಾನು ದೊಡ್ಡ ಕಂಪ್ರೆಸರ್ ತರಿಸಿ ಜಗುಲಿಯಲ್ಲಿಟ್ಟೆ, ಬಿರುಕುಗಳ ಮೇಲೆ ತಗಡು ಹಾಸಿದೆ, ತಗಡುಗಳ ಸಂದಿಗೆ ಟೇಪ್ ಅಂಟಿಸಿದೆ. ನೋಡದೆ ಬಿಟ್ಟದ್ದು ಒಂದನ್ನೇ, ನೆಲದ ವಾಟವನ್ನು.

ನಮ್ಮ ಕಡೆ ಯಾವ ಗಾರೆಯವನೂ ಶೆಡ್ಡಿನ ನೆಲವನ್ನು ಸಮತಟ್ಟಾಗಿ ಮಾಡುವುದಿಲ್ಲ. ಮಳೆಗಾಲದಲ್ಲಿ ಒಳಗೆ ನುಗ್ಗಿದ ನೀರು ತಾನಾಗಿ ಹೊರಗೆ ಹೋಗಲೆಂದು ಬಾಗಿಲ ಕಡೆಗೆ ವಾಟ ಕೊಟ್ಟೇ ಕೊಡುತ್ತಾನೆ. ನನ್ನ ಶೆಡ್ಡಿನಲ್ಲಿ ಅದು ಮೂವತ್ತು ಅಡಿಗೆ ಮೂರೂವರೆ ಇಂಚು, ಅಂದರೆ ನೂರಕ್ಕೆ ಒಂದರಷ್ಟು ಇತ್ತು, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ನಾಲ್ಕು ಸಾವಿರ ಕೆಜಿಯ ಯಂತ್ರವನ್ನು ಆ ಇಳಿಜಾರು 40 ಕೆಜಿ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಗಾಳಿಪದರದ ಮೇಲೆ ಘರ್ಷಣೆ ಭಾರದ ಸಾವಿರದಲ್ಲಿ ಎರಡು ಪಾಲು ಎಂದು ಹಿಡಿದರೆ, ತಡೆಯುವ ಬಲ ಬರೇ 8 ಕೆಜಿ. ಉಳಿದ 32 ಕೆಜಿ ಯಂತ್ರವನ್ನು ಬಿಡದೆ ನೂಕುತ್ತಲೇ ಇರುತ್ತದೆ. ಐದು ಸೆಕೆಂಡಿಗೆ ಅದು ಒಂದು ಮೀಟರ್ ಹೋಗುತ್ತದೆ, ಹತ್ತು ಸೆಕೆಂಡಿಗೆ ನಾಲ್ಕು ಮೀಟರ್. ಪೈಪುಗಳ ಮೇಲೆ ಒರಟು ಸಿಮೆಂಟಿನಲ್ಲಿ ಉರುಳಿಸುವಾಗ ತಡೆ ಇದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಆ 40 ಕೆಜಿಯ ಎಳೆತ ಗೊತ್ತೇ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ನೆಲದ ಮೇಲೆ ಯಂತ್ರಗಳನ್ನು ಉರುಳಿಸಿದ್ದ ನನಗೆ ವಾಟವಿದೆ ಎಂಬುದೇ ಮರೆತುಹೋಗಿತ್ತು. ಮೊದಲು ಒಂದು ಕೊಡ ನೀರು ಸುರಿದಿದ್ದರೆ ಸಾಕಾಗುತ್ತಿತ್ತು. ಸುರಿಯಲಿಲ್ಲ.

ಜುಲೈ ತಿಂಗಳು, ಜಡಿಮಳೆ. ಗಾಳಿ ಬಿಟ್ಟ ಕೂಡಲೇ ಲೇತ್ ಎದ್ದಿತು, ಯಾರೂ ಮುಟ್ಟುವ ಮೊದಲೇ ಬಾಗಿಲ ಕಡೆಗೆ ಹೊರಟಿತು. ನಾವು ನಾಲ್ವರೂ ಖುಷಿಯಿಂದ ನಕ್ಕೆವು. ಅದು ನಿಲ್ಲುವುದಿಲ್ಲ ಎಂದು ತಿಳಿದಾಗ ಇಬ್ಬರು ಅಡ್ಡ ನಿಂತು ತಡೆಯಲು ಹೋದರು. ನಾನು ಅವರನ್ನು ಬೈದು ಹಿಂದಕ್ಕೆಳೆದೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಗಾಳಿ ನಿಲ್ಲಿಸಿದರೆ ಯಂತ್ರ ತಟ್ಟನೆ ನೆಲಕ್ಕೆ ಕೂರುತ್ತದೆ, ಆದರೆ ವಾಲ್ವ್ ಇದ್ದದ್ದು ಜಗುಲಿಯಲ್ಲಿ, ಮತ್ತು ತಗಡಿನ ಮಾಡಿನ ಮೇಲೆ ಹೊಡೆಯುತ್ತಿದ್ದ ಮಳೆಯ ಸದ್ದಿನಲ್ಲಿ ಅಲ್ಲಿದ್ದ ಹುಡುಗನಿಗೆ ನನ್ನ ಕೂಗು ಕೇಳಿಸಲಿಲ್ಲ. ಮುಂದಿನ ಕ್ಯಾಸ್ಟರ್‌ಗಳು ಹಾಸಿದ ತಗಡನ್ನು ದಾಟಿ ಬರಿಯ ಸಿಮೆಂಟಿಗೆ ಬಂದವು, ಗಾಳಿಯೆಲ್ಲ ಸೋರಿತು, ಗಿಯರ್ ಪೆಟ್ಟಿಗೆಯಿದ್ದು ಹೆಚ್ಚು ಭಾರವಿರುವ ತುದಿಯ, ಅಂದರೆ ಹೆಡ್‌ಸ್ಟಾಕ್‌ನ, ಮೂಲೆ ಕುಸಿದು ಕಾಲು ಮುರಿಯಿತು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡಿಸಿ, ಹೊಸ ಕಾಲು ಎರಕ ಹೊಯ್ಯಿಸಿ, ಲೇತಿನ ಉದ್ದನೆಯ ಬೆಡ್ ಮಟ್ಟ ಮಾಡಿ ಮುಗಿಸುವಷ್ಟರಲ್ಲಿ ಅಡಿಕೆ ಕೊಯ್ಲು ಅರ್ಧ ಕಳೆದಿತ್ತು. ಸುಲಿಯುವ ಯಂತ್ರಗಳ ರಿಪೇರಿ ಕೆಲಸವೆಲ್ಲ ಬೇರೆಯವರ ಪಾಲಾಯಿತು.

ಆದ್ದರಿಂದ ಎಷ್ಟು ಟನ್ನಿನದು ಎಂಬ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ನೀವು ಕೊಳ್ಳಬೇಕಾದದ್ದು ದಿಂಬನ್ನಲ್ಲ, ನೆಲವನ್ನು. ನುಣುಪಾದ, ಬಿರುಕಿಲ್ಲದ, ಸಮತಟ್ಟಾದ ನೆಲವಿರುವ ಕಾರ್ಖಾನೆಗೆ, ದಿನವೂ ಭಾರ ಸರಿಸುವವರಿಗೆ ಇದು ಅದ್ಭುತ ಸಾಧನ. ಒಮ್ಮೆ ಮಾತ್ರ ಇಪ್ಪತ್ತು ಅಡಿ ಸರಿಯಬೇಕಾದ ಗಿರಣಿ ಯಂತ್ರಕ್ಕೆ ಎರಡು ಜಾಕಿ, ಆರು ಪೈಪು, ಒಂದು ಚೈನ್ ಪುಲ್ಲಿ ಸಾಕು. ನನ್ನ ಲೇತ್ ಕೊನೆಗೆ ಬಾಗಿಲಿಗೆ ಬಂದದ್ದೂ ಹಾಗೆಯೇ, ಮುಕ್ಕಾಲು ದಿನದಲ್ಲಿ.

ಅಷ್ಟಾಗಿಯೂ ಗಾಳಿಯೇ ಬೇಕೆಂದರೆ, ಯಂತ್ರವನ್ನು ವಾಟದ ಎತ್ತರದ ಬದಿಯ ಕಂಬಕ್ಕೆ ಚೈನ್ ಪುಲ್ಲಿಯಿಂದ ಕಟ್ಟಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಮತ್ತು ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಅನ್ನು ಯಂತ್ರದ ಪಕ್ಕದಲ್ಲೇ ನಡೆಯುವವನ ಕೈಗೆ ಕೊಡಿ. ಇಂದು ಸಂಜೆ ಶೆಡ್ಡಿನ ನಡುವೆ ಒಂದು ಕೊಡ ನೀರು ಸುರಿದು, ಅದು ಯಾವ ಕಡೆಗೆ ಹರಿಯಿತೆಂದು ಇಲ್ಲಿ ಬರೆಯಿರಿ. ಕಂಪ್ರೆಸರ್ ವಿಷಯ ಆಮೇಲೆ ಮಾತಾಡೋಣ.